ಸಂಧಿವಾತ: ಯೋಧರ ಅಂಗವೈಕಲ್ಯ ಪಿಂಚಣಿ ಮೇಲ್ಮನವಿಗಳ ಇತಿಹಾಸ

ಸೈನ್ಯದಲ್ಲಿದ್ದಾಗ ಕೀಲುಬೇನೆ ಹತ್ತಿಸಿಕೊಂಡವರು ಪಿಂಚಣಿಯ ಜೊತೆಗೆ ಅಂಗವೈಕಲ್ಯದ ಹಣವನ್ನೂ ಕೇಳುತ್ತಾರೆ. ಅದು ಸಿಗದಿದ್ದಾಗ ಮೇಲಿನ ಸಮಿತಿ, ನ್ಯಾಯಮಂಡಳಿ, ನ್ಯಾಯಾಲಯಗಳಿಗೆ ಹೋಗುತ್ತಾರೆ. ಭಾರತದಲ್ಲಿ ಈ ವ್ಯಾಜ್ಯ ನೋವಿನ ಬಗ್ಗೆ ನಡೆದದ್ದು ಕಡಿಮೆ. ನೋವು ಇದೆ ಎಂಬುದನ್ನು ಸೈನ್ಯದ ವೈದ್ಯರೇ ಬರೆದುಕೊಟ್ಟಿರುತ್ತಾರೆ. ಜಗಳವೆಲ್ಲ ಅದು ಯಾವುದರಿಂದ ಬಂತು ಎಂಬುದರ ಮೇಲೆ.

ಸಿಂದಗಿ ತಾಲೂಕಿನ ಯಂಕಂಚಿಯಂಥ ಊರುಗಳಿಗೆ ಇದು ಪರಕೀಯ ವಿಷಯವಲ್ಲ. ಮಳೆ ನೆಚ್ಚಿದ ಎರೆಹೊಲದ ಈ ಸೀಮೆಯಲ್ಲಿ ‘ಮಿಲ್ಟ್ರಿ’ ಒಂದು ಗಟ್ಟಿ ನೌಕರಿ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ, ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. 2022ಕ್ಕೆ ಮೊದಲು ಸಿಪಾಯಿಯಾಗಿ ಸೇರಿದವನು ಹದಿನೇಳು ವರ್ಷ ದುಡಿದು, ನಲವತ್ತು ತುಂಬುವ ಮುನ್ನವೇ ಊರಿಗೆ ಮರಳುತ್ತಾನೆ. ಹೊಲ ಕಾಯುತ್ತಿರುತ್ತದೆ. ಕಡಲೆ ಕೀಳಲು ಕುಕ್ಕರಗಾಲಲ್ಲಿ ಕೂತು ಏಳುವಾಗ ಮೊಣಕಾಲು ಕಟಕ್ ಎನ್ನುತ್ತದೆ, ಬದುವಿನ ಕಲ್ಲು ಹಿಡಿದೇ ಮೇಲೇಳಬೇಕು. ಮಂಜಿನ ಗಡಿಯಲ್ಲಿ ಭಾರ ಹೊತ್ತು ನಡೆದ ಕಾಲು ಅದು. ಆದರೆ ಕಾಲು ಸಾಕ್ಷಿ ಹೇಳುವುದಿಲ್ಲ, ಹೇಳಬೇಕಾದದ್ದು ಕಾಗದ.

ಆ ಕಾಗದ ಬಿಡುಗಡೆಯ ವೈದ್ಯಕೀಯ ಮಂಡಳಿಯ ವರದಿ, ಎಎಫ್‌ಎಂಎಸ್‌ಎಫ್-16 ಎಂಬ ನಮೂನೆ. 1961ರ ಸೇನಾ ಪಿಂಚಣಿ ನಿಯಮಾವಳಿಯ 173ನೆಯ ನಿಯಮ ಎರಡು ಷರತ್ತು ಹಾಕಿತ್ತು: ಬೇನೆ ಸೇವೆಯಿಂದ ಹುಟ್ಟಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು, ಮತ್ತು ವೈಕಲ್ಯ ಶೇ. 20ಕ್ಕೆ ಕಡಿಮೆ ಇರಬಾರದು. ಬೇನೆ ಸೇವೆಯಿಂದ ಹುಟ್ಟಿದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಎಂದು ಮಂಡಳಿ ಬರೆದರೆ ಅದನ್ನು ಇಂಗ್ಲಿಷಿನ ಮೊದಲಕ್ಷರಗಳಲ್ಲಿ ‘ನಾನಾ’ ಎನ್ನುತ್ತಾರೆ. ಕನ್ನಡದಲ್ಲಿ ನಾನಾ ಎಂದರೆ ಹಲವು. ಇಲ್ಲಿ ಅದು ಎರಡು ‘ಇಲ್ಲ’ಗಳ ಕಟ್ಟು.

ವಿಚಿತ್ರವೆಂದರೆ ಸರ್ಕಾರದ ನಿಯಮವೇ ಸಂಧಿವಾತವನ್ನು ಹೆಸರಿಟ್ಟು ಕರೆದಿತ್ತು. 1982ರ ಅರ್ಹತಾ ನಿಯಮಗಳ ಅನುಬಂಧದಲ್ಲಿ ಹವಾಮಾನದಿಂದ ಪ್ರಭಾವಿತವಾಗುವ ರೋಗಗಳ ಪಟ್ಟಿಯೊಂದಿತ್ತು. ವಾತರೋಗ, ಸಂಧಿವಾತ, ಸ್ನಾಯುನೋವು, ಸೊಂಟನೋವು ಎಲ್ಲವೂ ಅದರಲ್ಲಿದ್ದವು. ತರಬೇತಿ, ಕವಾಯತು, ಬಹಳ ಹೊತ್ತು ನಿಲ್ಲುವುದರಿಂದ ಬಾಧಿಸುವ ರೋಗಗಳ ಇನ್ನೊಂದು ಪಟ್ಟಿಯಲ್ಲಿ ಮೊಣಕಾಲಿನ ಒಳದೋಷ ಇತ್ತು, ಬೆನ್ನೆಲುಬು ಮತ್ತು ಕೀಲುಗಳ ಸವೆತವೂ ಇತ್ತು. ಅದೇ ನಿಯಮಗಳ ಪ್ರಕಾರ ಸೇರುವಾಗಿನ ದಾಖಲೆಯಲ್ಲಿ ರೋಗದ ನಮೂದು ಇಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕಿತ್ತು, ರುಜುವಾತಿನ ಹೊಣೆಯನ್ನು ಅವನ ತಲೆಗೆ ಕಟ್ಟುವಂತಿರಲಿಲ್ಲ, ಸಂಶಯದ ಲಾಭ ಅವನಿಗೇ ಸಿಗಬೇಕಿತ್ತು. ಇಷ್ಟಿದ್ದೂ ‘ದೇಹಪ್ರಕೃತಿಯ ರೋಗ’, ‘ಶಾಂತಿ ಪ್ರದೇಶದಲ್ಲಿ ಕಾಣಿಸಿಕೊಂಡದ್ದು’ ಎಂಬ ಒಂದೆರಡು ಸಾಲಿನ ಕಾರಣ ಕೊಟ್ಟು ಕೋರಿಕೆಗಳನ್ನು ತಳ್ಳಿಹಾಕುವುದು ರೂಢಿಯಾಯಿತು.

2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ರೂಢಿಗೆ ತಡೆ ಹಾಕಿತು. ಅದು ಮೂರ್ಛೆರೋಗದ ಮೊಕದ್ದಮೆ, ಕೀಲಿನದಲ್ಲ. ಆದರೆ ಕಾರಣ ಬರೆಯದ ವೈದ್ಯಕೀಯ ಅಭಿಪ್ರಾಯ ನಿಲ್ಲದು ಎಂಬ ಅದರ ತತ್ವ ಮುಂದೆ ಸಂಧಿವಾತದವರಿಗೂ ಊರುಗೋಲಾಯಿತು. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ತೀರ್ಪು ಬಂತು. ಶೇ. 50ಕ್ಕಿಂತ ಕಡಿಮೆ ವೈಕಲ್ಯವನ್ನು 50 ಎಂದೇ ಎಣಿಸುವ ಸೌಲಭ್ಯ 2001ರ ಆದೇಶದಲ್ಲಿ ಅವಧಿಗೆ ಮೊದಲೇ ಅನರ್ಹರಾಗಿ ಹೊರಬಂದವರಿಗೆ ಮಾತ್ರ ಇತ್ತು. ಸೇವೆ ಪೂರೈಸಿದವರಿಗೂ ಅದು ಸಲ್ಲಬೇಕೆಂದಾಯಿತು. ಲೆಕ್ಕ ಹಾಕಿ ನೋಡಿದರೆ ಇದರ ತೂಕ ತಿಳಿಯುತ್ತದೆ. ನೂರಕ್ಕೆ ನೂರು ವೈಕಲ್ಯಕ್ಕೆ ಕೊನೆಯ ಸಂಬಳದ ಶೇ. 30 ಸಿಗುತ್ತದೆ. ಸಂಬಳ 40,000 ರೂಪಾಯಿ ಇದ್ದು ಮೊಣಕಾಲಿಗೆ ಶೇ. 20 ಹಾಕಿದ್ದರೆ ತಿಂಗಳಿಗೆ 2,400. ಅದೇ 50 ಆದರೆ 6,000.

ತೀರ್ಪುಗಳೆಲ್ಲ ಒಂದೇ ದಿಕ್ಕಿಗೆ ಹರಿದಿಲ್ಲ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ, ಮಾನಸಿಕ ಕಾಯಿಲೆಯ ವಿಷಯದಲ್ಲಿ, ಅದೇ ನ್ಯಾಯಾಲಯ ವೈದ್ಯಕೀಯ ಮಂಡಳಿಯ ಮಾತಿಗೆ ಮಣೆ ಹಾಕಿತು. ಸೈನಿಕರ ವಿರುದ್ಧ ಸರ್ಕಾರ ಹೂಡುವ ಮೇಲ್ಮನವಿಗಳು ವಿಪರೀತವಾದವೆಂದು 2015ರಲ್ಲಿ ರಕ್ಷಣಾ ಸಚಿವರಾಗಿದ್ದ ಮನೋಹರ ಪರ್ರಿಕರ್ ತಜ್ಞರ ಸಮಿತಿ ನೇಮಿಸಿದರು, ವರದಿ ಅದೇ ವರ್ಷ ನವೆಂಬರ್‌ನಲ್ಲಿ ಕೈಸೇರಿತು. ವ್ಯಾಜ್ಯಗಳು ಮಾತ್ರ ನಿಲ್ಲಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಹತಾ ನಿಯಮಗಳು ಜಾರಿಯಾದವು.

ಅಮೆರಿಕದಲ್ಲಿ ಈ ಹಾದಿ ಬೇರೆ. ಅಲ್ಲಿ ಸೈನ್ಯ ಬಿಟ್ಟ ಒಂದು ವರ್ಷದೊಳಗೆ ಸಂಧಿವಾತ ಶೇ. 10ರ ಮಟ್ಟಕ್ಕೆ ಕಾಣಿಸಿಕೊಂಡರೆ ಸೇವೆಯಿಂದಲೇ ಬಂದದ್ದೆಂದು ಭಾವಿಸುತ್ತಾರೆ. ಮಾಜಿ ಸೈನಿಕರ ಮೇಲ್ಮನವಿಗೆಂದೇ 1988ರ ಕಾಯ್ದೆಯಿಂದ ಪ್ರತ್ಯೇಕ ನ್ಯಾಯಾಲಯವೂ ಹುಟ್ಟಿತು.

ನಮ್ಮಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2007ರ ಕಾಯ್ದೆಯಡಿ 2009ರ ಆಗಸ್ಟ್‌ನಲ್ಲಿ ಕೆಲಸ ಆರಂಭಿಸಿತು. ಕರ್ನಾಟಕ ಸೇರಿದ್ದು ಕೊಚ್ಚಿ ಪೀಠಕ್ಕೆ. ಭೀಮಾತೀರದಿಂದ ಅರಬ್ಬಿ ಕಡಲಂಚಿಗೆ, ಅದೂ ಮೊಣಕಾಲು ಹಿಡಿದವನಿಗೆ! ನ್ಯಾಯಮಂಡಳಿಯ ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಮುಚ್ಚಿದ್ದ ಬಾಗಿಲು 2023ರ ಮಾರ್ಚ್‌ನಲ್ಲಿ ಅದರದೇ ಪರಶೋತಮ್ ದಾಸ್ ತೀರ್ಪಿನಿಂದ ತೆರೆಯಿತು. ವಿಜಯಪುರ ಜಿಲ್ಲೆಯವರಿಗೆ ಆ ಬಾಗಿಲು ಕಲಬುರಗಿಯ ಹೈಕೋರ್ಟ್ ಪೀಠದಲ್ಲಿದೆ.

ತಡಮಾಡಿದವರಿಗೆ ಎರಡು ಪೆಟ್ಟು. ಬಿಡುಗಡೆಯಾಗಿ 15 ವರ್ಷ ದಾಟಿ, ಸೇವಾ ದಾಖಲೆಗಳು ನಾಶವಾದ ಮೇಲೆ ಕೇಳಿದರೆ ರುಜುವಾತಿನ ಹೊಣೆ ಕೇಳಿದವನದೇ ಎಂದು 2008ರ ಅರ್ಹತಾ ನಿಯಮಗಳು ಹೇಳಿದವು. ಅದೇ ವರ್ಷ ತರಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿ ತಪ್ಪಿದ್ದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ತಡವಾಗಿ ಬಂದರೂ ಕೇಳಬಹುದು ಎಂದಿತು. ಹಿಂಬಾಕಿ ಮಾತ್ರ ಅರ್ಜಿ ಹಾಕಿದ ದಿನಕ್ಕೆ ಹಿಂದಿನ ಮೂರು ವರ್ಷದ್ದಷ್ಟೇ ಎಂದೂ ಹೇಳಿತು.