ಕಂಪ್ಯೂಟರ್ ಆಟಗಳಲ್ಲಿ ಮೂಲ ಪ್ರತಿಯ ಕಥೆ

ನಿಮ್ಮ ತರಗತಿಯ ಹುಡುಗನೊಬ್ಬ ತಾನಾಡುವ ಕಂಪ್ಯೂಟರ್ ಆಟಕ್ಕೆ ಒಂದು ಹೊಸ ಕೋಟೆಯನ್ನು ತಾನೇ ರಚಿಸಿ ಸೇರಿಸಿದ್ದಾನೆ ಎಂದು ಭಾವಿಸಿ. ಅವನ ಕಂಪ್ಯೂಟರಿನಲ್ಲಿ ಅದು ಸೊಗಸಾಗಿ ನಡೆಯುತ್ತದೆ. ಗೆಳೆಯನಿಗೆ ಕೊಟ್ಟಾಗ ಮಾತ್ರ ಕೋಟೆಯ ಬಾಗಿಲ ಬಳಿ ಬಂದೊಡನೆ ಆಟ ನಿಂತುಹೋಗುತ್ತದೆ. ಗೆಳೆಯನ ಯಂತ್ರದಲ್ಲಿ ದೋಷವೇನೂ ಇಲ್ಲ. ಹುಡುಗನು ಆರು ತಿಂಗಳ ಹಿಂದೆ ಬೇರೆ ಯಾರೋ ಮಾಡಿದ ಬಾಗಿಲೊಂದನ್ನು ತಂದು ಹಾಕಿಕೊಂಡಿದ್ದ. ಅದರ ಕಡತ ಅವನ ಆಟದ ಫೋಲ್ಡರಿನಲ್ಲೇ ಉಳಿದಿತ್ತು. ಹೊಸ ಕೋಟೆಯು ಆ ಬಾಗಿಲನ್ನು ಬಳಸುತ್ತಿದೆ ಎಂಬುದು ಅವನಿಗೇ ತಿಳಿಯದು.

ಆಟಗಳಿಗೆ ಆಟಗಾರರು ಮಾಡುವ ಇಂಥ ಮಾರ್ಪಾಟುಗಳಿಗೆ 'ಮಾಡ್' ಎಂದು ಹೆಸರು. ಪಳಗಿದ ಮಾಡ್ ರಚನಕಾರರು ಆಟದ ಎರಡು ಪ್ರತಿಗಳನ್ನು ಇಟ್ಟುಕೊಳ್ಳುತ್ತಾರೆ. ಒಂದು ಆಡುವುದಕ್ಕೆ. ಇನ್ನೊಂದಕ್ಕೆ ಏನನ್ನೂ ಸೇರಿಸುವುದಿಲ್ಲ. ಪರೀಕ್ಷಿಸಬೇಕಾದ ಒಂದೇ ಒಂದು ಮಾಡ್ ಅಲ್ಲಿಗೆ ಬಂದು ಹೋಗುತ್ತದೆ. ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿ ವಿದ್ಯಾರ್ಥಿಗಳಿಗೆ ಕೊಡದ ಒಂದು ಸ್ಕ್ರೂಗೇಜ್ ಇತ್ತು. ಉಳಿದವುಗಳ ಮೇಲೆ ಸಂದೇಹ ಬಂದಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಆಟಗಾರರ ಅಭ್ಯಾಸವನ್ನು ಕೇಳಿದಾಗ ನನಗೆ ನೆನಪಾದದ್ದು ಅದೇ.

ಈ ಅಭ್ಯಾಸಕ್ಕೆ ಸ್ವಾರಸ್ಯವಾದ ಇತಿಹಾಸವಿದೆ. 1992ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ 'ವುಲ್ಫೆನ್‌ಸ್ಟೈನ್ 3ಡಿ' ಎಂಬ ಆಟವನ್ನು ಹೊರತಂದಿತು. ಅದನ್ನು ಬದಲಿಸಲು ಸಂಸ್ಥೆ ಯಾವ ಸೌಲಭ್ಯವನ್ನೂ ಕೊಟ್ಟಿರಲಿಲ್ಲ. ಆದರೂ ಆಟಗಾರರು ಕಡತಗಳ ರಚನೆಯನ್ನು ತಾವೇ ಬಿಡಿಸಿ ನೋಡಿ ಹೊಸ ಚಿತ್ರ, ಹೊಸ ನಕ್ಷೆಗಳನ್ನು ತುಂಬಿದರು. ಬದಲಾವಣೆಯೆಲ್ಲ ನಡೆದದ್ದು ಮೂಲ ಕಡತಗಳ ಮೇಲೆಯೇ. ಮೊದಲಿನ ಆಟ ಬೇಕೆಂದರೆ ಹಿಂದೆಯೇ ತೆಗೆದಿಟ್ಟ ನಕಲು ಇರಬೇಕು, ಇಲ್ಲವೇ ಫ್ಲಾಪಿಯಿಂದ ಮತ್ತೆ ಸ್ಥಾಪಿಸಬೇಕು.

ಸಂಸ್ಥೆಯ ಜಾನ್ ಕಾರ್ಮ್ಯಾಕ್ ಮತ್ತು ಜಾನ್ ರೊಮೆರೊ ಇದನ್ನು ಕಂಡು ಕೋಪಿಸಿಕೊಳ್ಳಲಿಲ್ಲ, ಸಂತೋಷಪಟ್ಟರು. 1993ರ ಡಿಸೆಂಬರ್ 10ರಂದು ಬಿಡುಗಡೆಯಾದ 'ಡೂಮ್' ಆಟದಲ್ಲಿ ಕಾರ್ಮ್ಯಾಕ್ ಮಾಡಿದ ಏರ್ಪಾಡನ್ನು ಸ್ವಲ್ಪ ವಿವರವಾಗಿ ನೋಡೋಣ. ಆಟವನ್ನು ನಡೆಸುವ ಪ್ರೋಗ್ರಾಮ್ ಬೇರೆ, ನಕ್ಷೆ, ಚಿತ್ರ, ಶಬ್ದಗಳೆಲ್ಲ ಇರುವ 'ವ್ಯಾಡ್' ಕಡತ ಬೇರೆ. ವ್ಯಾಡ್‌ನ ಮೊದಲ ನಾಲ್ಕು ಅಕ್ಷರಗಳೇ ಅದರ ಜಾತಿಯನ್ನು ಹೇಳುತ್ತವೆ: 'ಐವ್ಯಾಡ್' ಎಂದಿದ್ದರೆ ಸಂಸ್ಥೆಯ ಮೂಲ ಕಡತ, 'ಪೀವ್ಯಾಡ್' ಎಂದಿದ್ದರೆ ಮೇಲೆ ಹಾಕುವ ತೇಪೆ. ಒಳಗಿನ ಪ್ರತಿ ವಸ್ತುವಿಗೂ ಎಂಟು ಅಕ್ಷರ ಮೀರದ ಒಂದು ಹೆಸರಿರುತ್ತದೆ. ಆಟ ಆರಂಭವಾಗುವಾಗ ಎಲ್ಲ ವ್ಯಾಡ್‌ಗಳ ಹೆಸರುಗಳು ಒಂದೇ ಪಟ್ಟಿಗೆ ಸೇರುತ್ತವೆ, ತೇಪೆಯ ಹೆಸರುಗಳು ಕೊನೆಯಲ್ಲಿ. ಒಂದು ವಸ್ತು ಬೇಕಾದಾಗ ಪ್ರೋಗ್ರಾಮ್ ಈ ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಹುಡುಕುತ್ತದೆ. ಜಾಣ್ಮೆ ಇರುವುದು ಇಲ್ಲೇ. ಒಂದೇ ಹೆಸರಿನ ಎರಡು ನಕ್ಷೆಗಳಿದ್ದರೆ ತೇಪೆಯದು ಮೊದಲು ಸಿಗುತ್ತದೆ, ಮೂಲದ್ದು ಇದ್ದಲ್ಲೇ ಇರುತ್ತದೆ. ತೇಪೆಯನ್ನು ಹೆಸರಿಸದೆ ಆಟವನ್ನು ಆರಂಭಿಸಿದರೆ ಸಾಕು, ಎಲ್ಲವೂ ಮೊದಲಿನಂತೆ. ಸುಮಾರು 11 ಮೆಗಾಬೈಟಿನ ಮೂಲ ಕಡತದಲ್ಲಿ ಒಂದು ಬಿಟ್ ಕೂಡ ಬದಲಾಗಿರುವುದಿಲ್ಲ.

ಆದರೆ ಈ ಏರ್ಪಾಡಿನಲ್ಲೂ ಒಂದು ತೂತು ಉಳಿದಿತ್ತು. ರಾಕ್ಷಸರು, ಆಯುಧಗಳು ಮುಂತಾದವುಗಳ ಚಿತ್ರಗಳನ್ನು ಪ್ರೋಗ್ರಾಮ್ ಒಂದೊಂದಾಗಿ ಹುಡುಕದೆ, ಆರಂಭದ ಗುರುತು ಮತ್ತು ಅಂತ್ಯದ ಗುರುತುಗಳ ನಡುವಿನ ಒಂದೇ ಸಾಲಾಗಿ ಓದುತ್ತಿತ್ತು. ತೇಪೆಯಲ್ಲೂ ಅದೇ ಗುರುತುಗಳಿದ್ದರೆ ಕೊನೆಯಿಂದ ಹುಡುಕುವಾಗ ಅವೇ ಸಿಕ್ಕಿಬಿಡುತ್ತವೆ. ಮೂಲದ ನೂರಾರು ಚಿತ್ರಗಳು ಆಟದ ಕಣ್ಣಿಗೆ ಬೀಳುವುದೇ ಇಲ್ಲ. ಹೀಗಾಗಿ ಹೊಸ ಚಿತ್ರಗಳನ್ನು ಮೂಲ ವ್ಯಾಡ್‌ಗೇ ಬೆಸೆಯುವ ಸಲಕರಣೆಗಳು ಹುಟ್ಟಿದವು. 1994ರಲ್ಲಿ ಗ್ರೆಗ್ ಲೂಯಿಸ್ ಬರೆದ 'ಡಿಹ್ಯಾಕ್‌ಎಡ್' ಇನ್ನೂ ಮುಂದೆ ಹೋಗಿ, ಪ್ರೋಗ್ರಾಮಿನ ಒಳಗೇ ಇರುವ ಕೋಷ್ಟಕಗಳನ್ನು ತಿದ್ದುತ್ತಿತ್ತು. ಒಂದು ಗುಂಡಿನ ವೇಗ, ಒಂದು ರಾಕ್ಷಸನ ಆಯಸ್ಸು ಎಲ್ಲವನ್ನೂ ಬದಲಿಸಬಹುದಿತ್ತು. ಪ್ರೋಗ್ರಾಮಿನ ನಕಲೊಂದನ್ನು ಮಾಡಿ ಅದನ್ನೇ ತಿದ್ದಬೇಕೆಂಬ ಎಚ್ಚರ ಅಲ್ಲಿಂದಲೇ ರೂಢಿಗೆ ಬಂತು.

1996ರ ಜೂನ್ 22ರಂದು ಬಂದ 'ಕ್ವೇಕ್' ಆಟ ಈ ಪ್ರತ್ಯೇಕತೆಯನ್ನು ಫೋಲ್ಡರಿನ ಮಟ್ಟಕ್ಕೆ ಏರಿಸಿತು. ಮಾಡ್‌ಗೆ ತನ್ನದೇ ಫೋಲ್ಡರು. ಆಟ ಮೊದಲು ಅಲ್ಲಿ ಹುಡುಕಿ, ಸಿಗದಿದ್ದರೆ ಮೂಲದ ಫೋಲ್ಡರಿಗೆ ಹೋಗುತ್ತದೆ. ಉಳಿಸಿದ ಆಟ, ಕೀಲಿಗಳ ಹೊಂದಾಣಿಕೆ ಇತ್ಯಾದಿ ಬರೆಯುವ ಕೆಲಸವೂ ಮಾಡ್‌ನ ಫೋಲ್ಡರಿನಲ್ಲೇ ನಡೆಯುತ್ತದೆ. ಓದುವುದನ್ನು ಬೇರ್ಪಡಿಸಿದರೆ ಸಾಲದು, ಬರೆಯುವುದನ್ನೂ ಬೇರ್ಪಡಿಸಬೇಕೆಂಬ ಅರಿವು ಇದರಲ್ಲಿದೆ. ಕ್ವೇಕ್‌ನ ತಂತ್ರಾಂಶದ ಮೇಲೆ ಬೆಳೆದ 'ಹಾಫ್-ಲೈಫ್' (1998) ಇದನ್ನೇ ಮುಂದುವರಿಸಿತು. 1999ರಲ್ಲಿ ಅದರ ಮಾಡ್ ಆಗಿ ಹುಟ್ಟಿದ 'ಕೌಂಟರ್-ಸ್ಟ್ರೈಕ್' ಮೂಲ ಆಟದ ಪಕ್ಕದಲ್ಲಿ ತನ್ನದೇ ಫೋಲ್ಡರಿನಲ್ಲಿ ವಾಸಿಸುತ್ತಿತ್ತು.

ಅಚ್ಚರಿಯೆಂದರೆ ಈ ಗಳಿಕೆ ಎಲ್ಲ ಕಡೆಗೂ ಹರಡಲಿಲ್ಲ. 2002ರ 'ಮಾರೋವಿಂಡ್' ಆಟದೊಂದಿಗೆ ಮಾಡ್ ರಚಿಸುವ ಸಲಕರಣೆಯನ್ನೇ ಕೊಟ್ಟಿದ್ದರು. ಆದರೆ ನೂರು ಮಾಡ್‌ಗಳ ಚಿತ್ರ, ಆಕೃತಿಗಳೆಲ್ಲ ಸೇರುತ್ತಿದ್ದುದು ಮೂಲದ ದತ್ತಾಂಶವಿದ್ದ ಅದೇ ಫೋಲ್ಡರಿಗೆ. ಒಂದೇ ಹೆಸರಿನ ಕಡತ ಬಂದರೆ ಹಿಂದಿನದು ಅಳಿಯಿತು. ಅದೇ ಸಂಸ್ಥೆಯ 'ಸ್ಕೈರಿಮ್' (2011) ಆಟದಲ್ಲಿ ತೊಡಕು ಇನ್ನೂ ಹೆಚ್ಚಾಯಿತು. ಮಾಡ್‌ನ ಸ್ಕ್ರಿಪ್ಟುಗಳ ಸ್ಥಿತಿ ಉಳಿಸಿದ ಆಟದೊಳಗೂ ದಾಖಲಾಗುವುದರಿಂದ, ಮಾಡ್ ತೆಗೆದುಹಾಕಿದರೂ ಅದರ ಪಳೆಯುಳಿಕೆ ಅಲ್ಲಿ ಉಳಿಯುತ್ತದೆ. ಸಂಸ್ಥೆ ಕೊಡದ ಪ್ರತ್ಯೇಕತೆಯನ್ನು ಆಟಗಾರರೇ ಕಟ್ಟಿಕೊಳ್ಳಬೇಕಾಯಿತು. 'ಮಾಡ್ ಆರ್ಗನೈಜರ್' ಎಂಬ ತಂತ್ರಾಂಶ ಪ್ರತಿ ಮಾಡ್‌ನ್ನೂ ಬೇರೆ ಫೋಲ್ಡರಿನಲ್ಲಿಟ್ಟು, ಆಟ ಕಡತ ಕೇಳಿದಾಗ ಆ ಕೋರಿಕೆಯನ್ನು ತಡೆದು ಎಲ್ಲವೂ ಒಂದೇ ಕಡೆ ಇರುವಂತೆ ತೋರಿಸುತ್ತದೆ. ಡೂಮ್‌ನ ಹಳೆಯ ಉಪಾಯವೇ ಹೊರಗಿನಿಂದ ಮರಳಿ ಬಂದಂತಾಯಿತು.

ಇಲ್ಲಿ ಒಂದು ಬಲೆಯನ್ನು ಹೇಳಲೇಬೇಕು, ಏಕೆಂದರೆ ಜಾಣ ವಿದ್ಯಾರ್ಥಿಗಳೂ ಇದರಲ್ಲಿ ಬೀಳುತ್ತಾರೆ. ಸ್ಕೈರಿಮ್‌ನ ಫೋಲ್ಡರನ್ನು ನಕಲು ಮಾಡಿ ಎರಡು ಪ್ರತಿ ಮಾಡಿಕೊಂಡರೂ ಉಳಿಸಿದ ಆಟಗಳು ಮತ್ತು ಹೊಂದಾಣಿಕೆಯ ಕಡತಗಳು ಇರುವುದು ಬೇರೆಡೆ, ಬಳಕೆದಾರನ 'ಡಾಕ್ಯುಮೆಂಟ್ಸ್' ಫೋಲ್ಡರಿನಲ್ಲಿ. ಎರಡು ಪ್ರತಿಗಳೂ ಅವನ್ನೇ ಹಂಚಿಕೊಳ್ಳುತ್ತವೆ. ಶುದ್ಧ ಪ್ರತಿಯಲ್ಲಿ ಹಳೆಯ ಆಟವನ್ನು ತೆರೆದು "ಇಲ್ಲೂ ದೋಷವಿದೆ, ಆದ್ದರಿಂದ ನನ್ನ ಮಾಡ್ ಕಾರಣವಲ್ಲ" ಎಂದು ತೀರ್ಮಾನಿಸಿದರೆ ಅದು ಪ್ರಯೋಗವೇ ಅಲ್ಲ. ಹೊಂದಾಣಿಕೆಯ ಕಡತಗಳನ್ನು ಬದಿಗಿಟ್ಟು, ಹೊಸ ಆಟವನ್ನೇ ಆರಂಭಿಸಿ ನೋಡಬೇಕು.

ಮೂಲ ಪ್ರತಿಯೇ ಬದಲಾದರೆ? ಭೌತವಿಜ್ಞಾನಿಗಳಿಗೆ ಈ ಸಂಕಟ ಹೊಸದಲ್ಲ. 1889ರಿಂದ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಭದ್ರವಾಗಿದ್ದ ಕಿಲೋಗ್ರಾಂನ ಮೂಲಮಾನಕ್ಕೂ ಅದರ ಹಲವು ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸವಾಗಿರುವುದು 1988-92ರ ತಾಳೆಯಲ್ಲಿ ಕಂಡಿತು. ಮೂಲ ಬದಲಾಯಿತೋ ಪ್ರತಿಗಳೋ ಎಂದು ಹೇಳುವ ದಾರಿಯೇ ಇರಲಿಲ್ಲ. 2019ರ ಮೇ 20ರಿಂದ ಕಿಲೋಗ್ರಾಂ ಪ್ಲಾಂಕ್ ಸ್ಥಿರಾಂಕವನ್ನು ಆಧರಿಸಿದೆ.

ಆಟಗಾರರ ಸರದಿ 2021ರಲ್ಲಿ ಬಂತು. ಸ್ಕೈರಿಮ್‌ಗೆ ಹತ್ತು ವರ್ಷ ತುಂಬಿದ ನವೆಂಬರ್ 11ರಂದು ಸಂಸ್ಥೆ ಅದರ 'ಸ್ಪೆಷಲ್ ಎಡಿಷನ್'ನ ಪ್ರೋಗ್ರಾಮನ್ನು 1.5.97ರಿಂದ 1.6ಕ್ಕೆ ಏರಿಸಿತು. ಅಂತರಜಾಲದ ಮೂಲಕ ತಾನಾಗಿ ಪರಿಷ್ಕರಣಗೊಳ್ಳುವ ವ್ಯವಸ್ಥೆಯಿದ್ದವರಿಗೆ, ಮುಟ್ಟದೆ ಇಟ್ಟಿದ್ದ ಪ್ರತಿಯೂ ರಾತ್ರೋರಾತ್ರಿ ಬೇರೆಯಾಯಿತು. ಪ್ರೋಗ್ರಾಮಿನ ಒಳಗಿನ ವಿಳಾಸಗಳನ್ನು ನಂಬಿದ್ದ ಅನೇಕ ಮಾಡ್‌ಗಳು ನಿಂತವು. 1.5.97ರ ಫೋಲ್ಡರನ್ನು ಆ ವ್ಯವಸ್ಥೆಯ ಕೈಗೆ ಸಿಗದ ಕಡೆ ನಕಲು ಮಾಡಿ ಇಟ್ಟವರು ಎರಡನ್ನೂ ಅಕ್ಕಪಕ್ಕದಲ್ಲಿ ಓಡಿಸಿ, ದೋಷ ಮಾಡ್‌ನದೋ ಪರಿಷ್ಕರಣದ್ದೋ ಎಂದು ಒಂದೇ ಸಂಜೆಯಲ್ಲಿ ನೋಡಬಹುದಿತ್ತು. ಉಳಿದವರಿಗಾಗಿ, ಹೊಸ ಆವೃತ್ತಿಯನ್ನು ಹಳೆಯದಕ್ಕೆ ಇಳಿಸುವ ತೇಪೆಯೊಂದನ್ನು ಆಟಗಾರರೇ ಸಿದ್ಧಪಡಿಸಿದರು.