ಅರ್ಧ ಸುತ್ತು, ಪೂರ್ತಿ ಸುತ್ತು

ಆಗಷ್ಟೇ ಹುಟ್ಟಿದ ಕೂಸಿನ ಕಾಲಿಗೆ ಯಾರೋ ದಾರ ಬಿಗಿದು ಬಿಚ್ಚಿದಂತೆ ಸುತ್ತಲೂ ಒಂದು ಹಳ್ಳ. ಕೆಲವು ಮಕ್ಕಳಲ್ಲಿ ಅದು ಬರೀ ಗೆರೆ. ಕೆಲವರಲ್ಲಿ ಎಲುಬಿನ ಹತ್ತಿರದವರೆಗೂ ಇಳಿದು, ಕೆಳಗಿನ ಪಾದ ಬಾತುಕೊಂಡಿರುತ್ತದೆ. ಕೈಬೆರಳುಗಳ ತುದಿಗಳು ಒಂದಕ್ಕೊಂದು ಅಂಟಿಕೊಂಡಿರುವುದೂ ಉಂಟು. ಆದರೆ ಬುಡದ ಕಡೆ ಸಣ್ಣದೊಂದು ಕಿಂಡಿ ಉಳಿದಿರುತ್ತದೆ. ತೆಳ್ಳನೆಯ ಸಲಾಕೆ ಒಳಗೆ ಬಿಟ್ಟರೆ ಆಚೆ ಬದಿಗೆ ಹೊರಬರುತ್ತದೆ. ಬೆರಳುಗಳು ಮೊದಲು ಬಿಡಿಬಿಡಿಯಾಗಿಯೇ ಬೆಳೆದು ಆಮೇಲೆ ಅಂಟಿಕೊಂಡವು ಅನ್ನುವುದಕ್ಕೆ ಆ ಕಿಂಡಿಯೇ ಸಾಕ್ಷಿ.

ಹುಬ್ಬಳ್ಳಿಯ ಕಡೆ ನಾನು ಪ್ಲಾಸ್ಟಿಕ್ ಸರ್ಜನ್ ಆಗಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಇಂಥ ಕೂಸುಗಳ ಜೊತೆ ಒಂದು ಗ್ರಹಣದ ಕಥೆಯೂ ಬರುತ್ತಿತ್ತು. 1980ರ ಫೆಬ್ರವರಿ 16ರಂದು ಅಂಕೋಲಾ, ಗದಗ, ರಾಯಚೂರಿನ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣದ ನಂತರವಂತೂ ಕೇಳುವುದೇ ಬೇಡ. ಮರುವರ್ಷ ಸಂಕ್ರಾಂತಿಗೆ ಹುಟ್ಟಿದ ಕೂಸೊಂದನ್ನು ಎತ್ತಿಕೊಂಡು ಬಂದ ಅಜ್ಜಿ, “ಗ್ರಹಣದಾಗ ಈಳಿಗಿ ಮುಟ್ಟಬ್ಯಾಡ ಅಂದ್ರ ಕೇಳಲಿಲ್ರೀ ನಮ್ಮ ಸೊಸಿ” ಅಂದಳು. ನಾನು ಬೆರಳು ಮಡಚಿ ತಿಂಗಳು ಎಣಿಸಿ, ಗ್ರಹಣ ಹಿಡಿದಾಗ ನಿಮ್ಮ ಸೊಸೆ ಬಸುರಿಯೇ ಆಗಿರಲಿಲ್ಲವಲ್ಲ ಅಂದೆ. ಅಜ್ಜಿ ಜಗ್ಗಲಿಲ್ಲ. “ಹಂಗಾರ ಬ್ಯಾರೆ ಗ್ರಹಣ ಇರಬೇಕು ಬಿಡ್ರೀ.”

ನಗುವ ಹಕ್ಕು ಯುರೋಪಿನವರಿಗೂ ಇಲ್ಲ. ಫ್ರಾನ್ಸಿನ ರಾಜರ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ 1573ರಲ್ಲಿ ವಿಕಲ ಜನನಗಳ ಕಾರಣಗಳನ್ನು ಪಟ್ಟಿ ಮಾಡಿದಾಗ, ಬಸುರಿ ಕಾಲ ಮೇಲೆ ಕಾಲು ಹಾಕಿ ಹೊತ್ತುಗಟ್ಟಲೆ ಕೂತದ್ದನ್ನೂ ಅದರಲ್ಲಿ ಸೇರಿಸಿದ್ದ. ಅಲ್ಲೂ ತಪ್ಪು ತಾಯಿಯದೇ.

ತಾಯಿಯನ್ನು ಬಿಟ್ಟು ಗರ್ಭದೊಳಗೇ ಕಣ್ಣು ಹಾಯಿಸಿದವರಲ್ಲಿ ಡಬ್ಲಿನ್ನಿನ ಪ್ರಸೂತಿ ವೈದ್ಯ ಮಾಂಟ್‌ಗೊಮೆರಿ ಒಬ್ಬ. ಗರ್ಭದಲ್ಲೇ ಕೈಕಾಲು ತುಂಡಾಗುವುದರ ಬಗ್ಗೆ 1832ರಲ್ಲಿ ಬರೆದ ಅವನು, ಅಂಗಕ್ಕೆ ಸುತ್ತಿಕೊಂಡ ಎಳೆಗಳೇ ಕಾರಣ ಅಂದ. ಸುಮಾರು ನೂರು ವರ್ಷದ ನಂತರ, 1930ರಲ್ಲಿ, ಬಾಲ್ಟಿಮೋರಿನಲ್ಲಿ ಕಾರ್ನೆಗಿ ಸಂಸ್ಥೆಯ ಭ್ರೂಣವಿಜ್ಞಾನಿ ಸ್ಟ್ರೀಟರ್ ಇದನ್ನು ಪೂರ್ತಿ ತಿರುವಿ ಹಾಕಿದ: ದೋಷ ಭ್ರೂಣದ ಊತಕದಲ್ಲೇ ಇದೆ, ಎಳೆಗಳು ಅದರ ಫಲವೇ ಹೊರತು ಕಾರಣವಲ್ಲ. ಅವನ ಮಾತಿಗೆ ತೂಕವಿತ್ತು. ರೋಗಕ್ಕೆ ಅವನ ಹೆಸರೇ ಅಂಟಿತು. 1965ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಟಾರ್ಪಿನ್ ಕೂಸನ್ನು ಬಿಟ್ಟು ಮಾಸು ನೋಡಿದ. ಗರ್ಭದ ನೀರಿನ ಚೀಲದ ಒಳಪೊರೆ ಬೇಗನೆ ಹರಿದು, ಅದರ ನಾರುಗಳು ಬೆಳೆಯುವ ಅಂಗಕ್ಕೆ ತೊಡರಿಕೊಳ್ಳುತ್ತವೆ ಎಂದ. ಹತ್ತು ವರ್ಷದ ಮೇಲೆ ಜಪಾನಿನ ಕಿನೊ ಇಲಿಗಳ ಗರ್ಭಚೀಲ ಚುಚ್ಚಿ, ಬೆರಳುಗಳಲ್ಲಿ ರಕ್ತ ಸೋರಿ ಇಂಥದ್ದೇ ಊನ ಹುಟ್ಟುವುದನ್ನು ತೋರಿಸಿದ. ಜಗಳ ಇನ್ನೂ ಪೂರ್ತಿ ಬಗೆಹರಿದಿಲ್ಲ. ನನ್ನ ಒಲವು ಟಾರ್ಪಿನ್ ಕಡೆಗೆ. ಮಾಸನ್ನು ಬಕೆಟ್ಟಿಗೆ ಎಸೆಯುವ ಮುಂಚೆ ನೋಡಬೇಕೆಂದು ಅವನಿಗಾದರೂ ಹೊಳೆಯಿತಲ್ಲ.

ಕತ್ತಿ ಹಿಡಿದವರಿಗೆ ಈ ವಾದ ಇತ್ಯರ್ಥವಾಗುವ ತನಕ ಕಾಯುವ ಪುರುಸೊತ್ತು ಇರಲಿಲ್ಲ. ಹಳ್ಳವನ್ನು ಸುತ್ತಲೂ ಕೊಯ್ದು ತೆಗೆದು ನೇರ ಹೊಲಿದರೆ, ಉಂಗುರದಂಥ ಕಲೆ ಒಣಗುತ್ತಾ ಕುಗ್ಗಿ ಮತ್ತೆ ಅದೇ ಬಿಗಿತ. ಅವರ ಕೈಗೆ ಸಿಕ್ಕಿದ್ದು ಕಣ್ಣಿನ ರೆಪ್ಪೆಗೆಂದು ಹುಟ್ಟಿದ ಉಪಾಯ. 1837ರಲ್ಲಿ ಫಿಲಡೆಲ್ಫಿಯಾದ ಹಾರ್ನರ್, 1850ರ ದಶಕದಲ್ಲಿ ಪ್ಯಾರಿಸಿನ ದೆನೋವಿಲ್ಯೆ, ಹೊರಕ್ಕೆ ಮಗುಚಿದ ಕೆಳರೆಪ್ಪೆಯನ್ನು ಸರಿಪಡಿಸಲು ಚರ್ಮದ ತ್ರಿಕೋನ ಬಿಡಿಸಿ ಜಾಗ ಬದಲಿಸಿದ್ದರು. ಅದರಿಂದ ಬೆಳೆದದ್ದೇ ಎರಡು ತ್ರಿಕೋನಗಳನ್ನು ಅದಲು ಬದಲು ಮಾಡುವ ಝೆಡ್ ಪ್ಲಾಸ್ಟಿ. ತ್ರಿಕೋನಗಳ ಕೋನ 60 ಡಿಗ್ರಿ ಇದ್ದರೆ, ಲೆಕ್ಕದ ಪ್ರಕಾರ ಆ ಗೆರೆ ಶೇ. 75ರಷ್ಟು ಉದ್ದವಾಗುತ್ತದೆ. ಸುತ್ತುಗೆರೆ ಮುರಿದು ಅಂಕುಡೊಂಕಾಗುತ್ತದೆ, ಕುಗ್ಗಿದರೂ ಅಂಗವನ್ನು ಹಿಸುಕುವುದಿಲ್ಲ. ಸುತ್ತಿಕೊಂಡ ಕಲೆಗಳಿಗೆ ಇದನ್ನು ಬಳಸುವ ಬಗ್ಗೆ 1946ರಲ್ಲಿ ಸ್ಟೀವನ್‌ಸನ್ ಬರೆದ. 1961ರಲ್ಲಿ ಆಕ್ಸ್‌ಫರ್ಡಿನ ಪ್ಯಾಟರ್ಸನ್ ಇಂಥ ಕೂಸುಗಳನ್ನು ನಾಲ್ಕು ಬಗೆ ಮಾಡಿದ: ಬರೀ ಉಂಗುರ, ಉಂಗುರದ ಕೆಳಗೆ ಊನ ಅಥವಾ ಬಾವು, ಬೆರಳು ಅಂಟಿದ್ದು, ತುಂಡಾದದ್ದು. ಕೇಸ್ ಶೀಟಿನಲ್ಲಿ ಈಗಲೂ ಅದನ್ನೇ ಬರೆಯುತ್ತಾರೆ.

ಒಂದು ಹೆದರಿಕೆ ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಾ ಬಂತು. ಒಂದೇ ಸಲಕ್ಕೆ ಸುತ್ತಲೂ ಕೊಯ್ದರೆ ಕೆಳಗಿನ ಭಾಗಕ್ಕೆ ರಕ್ತ ನಿಂತು ಕೊಳೆತೀತು. ಆದ್ದರಿಂದ ಮೊದಲು ಅರ್ಧ ಸುತ್ತು, ಎರಡು ಮೂರು ತಿಂಗಳು ಬಿಟ್ಟು ಉಳಿದರ್ಧ. ಕಾಗದದ ಮೇಲೆ ಚೆಂದ. ಆದರೆ ಸುಗ್ಗಿಗೆ ಮುಂಚೆ ಬಂದವರಿಗೆ ಎರಡನೇ ತಾರೀಖು ಸುಗ್ಗಿಯ ನಡುವೆ ಬೀಳುತ್ತಿತ್ತು. ಬಸ್ ಚಾರ್ಜು, ಕೂಲಿ ನಷ್ಟ, ಮನೆಯಲ್ಲಿ ಇನ್ನೊಂದು ಕೂಸು. ಬಾವು ಇಳಿದಿತ್ತು, ಮಗು ನಡೆಯುತ್ತಿತ್ತು, ಇನ್ನೇಕೆ ಅಂತ ಬರುತ್ತಲೇ ಇರಲಿಲ್ಲ. ಕಾಲಿನ ಮುಂಬದಿ ಅಂಕುಡೊಂಕು ಹೊಲಿಗೆಯ ಗುರುತು, ಹಿಂಬದಿ ಹುಟ್ಟಿನಿಂದ ಬಂದ ಹಳ್ಳ ಹಾಗೇ. ನಮ್ಮ ವಾರ್ಡಿನಲ್ಲಿ ಅವರನ್ನು ‘ಅರ್ಧ ಸುತ್ತಿನವರು’ ಎಂದೇ ಕರೆಯುತ್ತಿದ್ದೆವು.

ಆ ಹೆದರಿಕೆ ಕರಗಿದ್ದು ಅಂಗರಚನೆಯನ್ನು ಮತ್ತೊಮ್ಮೆ ಯೋಚಿಸಿದ ಮೇಲೆ. ಪಾದಕ್ಕೆ ರಕ್ತ ಒಯ್ಯುವುದು ಆಳದ ನಾಳಗಳು. ಕೆಳಗಿನ ಚರ್ಮಕ್ಕೂ ಅಲ್ಲಿಂದಲೇ ಕವಲು ಏರಿ ಬರುತ್ತದೆ. ಹಳ್ಳದ ಜಾಗದಲ್ಲಿ ಮೇಲ್ಮೈ ನಾಳಗಳು ಮೊದಲೇ ಕಡಿದುಹೋಗಿರುತ್ತವೆ. ಚರ್ಮ ಕೊಯ್ದರೆ ಕಳೆದುಕೊಳ್ಳುವುದು ಕಡಿಮೆ. 1987ರಲ್ಲಿ ಡಿ ಮಿಯೊ ಮತ್ತು ಮರ್ಸರ್, 1993ರಲ್ಲಿ ಗ್ರೀನ್, ಪೂರ್ತಿ ಸುತ್ತನ್ನು ಒಂದೇ ಸಲಕ್ಕೆ ಬಿಡಿಸಿದ್ದನ್ನು ಪ್ರಕಟಿಸಿದರು. ನಡುವೆ 1991ರಲ್ಲಿ ಅಪ್ಟನ್ ಮತ್ತು ಟ್ಯಾನ್ ಇನ್ನೊಂದು ಕೊರತೆ ತುಂಬಿದರು. ಬರೀ ಚರ್ಮ ಹೊಲಿದರೆ ಹಳ್ಳ ಮುಚ್ಚದು. ಅಡಿಯ ಕೊಬ್ಬನ್ನು ಬೇರೆ ಪದರವಾಗಿ ಬಿಡಿಸಿ ಎಳೆದು ಹೊಲಿದರೇನೇ ಕಾಲು ದುಂಡಗಾಗುತ್ತದೆ.

1997ರಲ್ಲಿ ಅಮೆರಿಕದ ಕ್ವಿಂಟೆರೊ ಮತ್ತು ಸಂಗಡಿಗರು ಗರ್ಭದೊಳಕ್ಕೇ ಸಣ್ಣ ದುರ್ಬೀನು ಇಳಿಸಿ ಎಳೆ ಕತ್ತರಿಸಿದ್ದನ್ನು ವರದಿ ಮಾಡಿದರು. ಅದು ಕೆಲವೇ ಕೂಸುಗಳಿಗೆ, ಕೆಲವೇ ಊರುಗಳಲ್ಲಿ. ನಮ್ಮ ಕಡೆಯ ಮಕ್ಕಳಿಗೆ ದಕ್ಕಿದ್ದು ಒಂದೇ ಸಲದ ಆಪರೇಷನ್ನು, ಒಂದೇ ಸಲದ ಅರಿವಳಿಕೆ.

ನಿವೃತ್ತಿಯ ಹೊತ್ತಿಗೆ ಹಳೆಯ ಅರ್ಧ ಸುತ್ತಿನವರೊಬ್ಬರು ಹೊರರೋಗಿ ಚೀಟಿ ಹಿಡಿದು ಬಂದರು. ಪ್ಯಾಂಟು ಮಡಚಿ ಕಾಲಿನ ಹಿಂಭಾಗ ತೋರಿಸಿ, ಬಾಕಿ ಉಳಿದದ್ದು ಈಗ ಮಾಡಿಸಬಹುದೇನ್ರೀ ಎಂದು ಕೇಳಿದರು. ಬಾವಿಲ್ಲ, ನೋವಿಲ್ಲ, ಪಾದದ ನಾಡಿ ಚೆನ್ನಾಗಿ ಬಡಿಯುತ್ತಿತ್ತು. ಮಾಡಬಹುದು, ಆದರೆ ಅಗತ್ಯವಿಲ್ಲ ಅಂದೆ. ಯೋಚನೆ ಮಾಡ್ತೀನಿ ಅಂತ ಚೀಟಿ ಜೇಬಿಗೆ ಹಾಕಿಕೊಂಡು ಹೋದರು.