ಸ್ಯಾದ್ವಾದವೂ ಅನಿಶ್ಚಿತತೆಯ ಅಳತೆಯೂ

ಕಾರ್ಕಳದ ಚತುರ್ಮುಖ ಬಸದಿಯನ್ನು ಇಮ್ಮಡಿ ಭೈರರಸನು ಕ್ರಿ.ಶ. 1586ರಲ್ಲಿ ಕಟ್ಟಿಸಿದನು. ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು. ಎಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳೇ ಎದುರಾಗುವುವು. ಇದನ್ನು ಅನೇಕಾಂತದ ಶಿಲಾರೂಪವೆಂದು ಬಣ್ಣಿಸಲು ಮನಸ್ಸು ಎಳಸುವುದು ಸಹಜವೇ. ಆದರೆ ಅಲ್ಲಿಂದ ಮುಂದೆ ಹೋಗಿ, ಆಧುನಿಕ ಸಂಖ್ಯಾಶಾಸ್ತ್ರದ ಸಂಭವನೀಯತಾ ತತ್ತ್ವವೇ ಸ್ಯಾದ್ವಾದದಲ್ಲಿ ಅಡಗಿದೆಯೆಂದರೆ ಒಪ್ಪಬಹುದೆ ಎಂಬುದು ವಿಚಾರಾರ್ಹವಾಗಿದೆ.

ಈ ಸಂಬಂಧವನ್ನು ಎತ್ತಿದವರು ಸಾಮಾನ್ಯರಲ್ಲ. ಪ್ರಶಾಂತಚಂದ್ರ ಮಹಾಲನೋಬಿಸರು 1954ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತು ಬರೆದ ಲೇಖನದಲ್ಲಿ, ಸಪ್ತಭಂಗಿಯ ನಾಲ್ಕನೆಯದಾದ ‘ಅವಕ್ತವ್ಯ’ದಲ್ಲಿ ಸಂಭವನೀಯತೆಯ ತಾರ್ಕಿಕ ನೆಲೆಯನ್ನು ಕಂಡರು. ಅವರೇ 1933ರಲ್ಲಿ ಆರಂಭಿಸಿದ್ದ ‘ಸಂಖ್ಯಾ’ ಪತ್ರಿಕೆಯಲ್ಲಿ 1957ರಲ್ಲಿ ಹಾಲ್ಡೇನರು ಈ ವಿಷಯವನ್ನು ಬೆಳೆಸಿದರು. ಆದರೂ ‘ಸ್ಯಾತ್’ ಎಂಬುದಕ್ಕೆ ‘ಬಹುಶಃ’ ಎಂದು ಅರ್ಥಮಾಡುವುದು ಪ್ರಮಾದವೇ ಸರಿ. ಸಮಂತಭದ್ರಾದಿ ಆಚಾರ್ಯರ ಮತದಲ್ಲಿ ಅದು ‘ಒಂದು ಅಪೇಕ್ಷೆಯಿಂದ’ ಎಂಬ ನಿಶ್ಚಯವನ್ನು ಸೂಚಿಸುವುದೇ ಹೊರತು ಸಂದೇಹವನ್ನಲ್ಲ. ಅವಕ್ತವ್ಯವಾದರೋ ಅಸ್ತಿ-ನಾಸ್ತಿಗಳೆರಡನ್ನೂ ಏಕಕಾಲದಲ್ಲಿ ನುಡಿಯಲು ಮಾತಿಗೆ ಶಕ್ತಿಯಿಲ್ಲವೆಂಬುದು, ಅರಿವೇ ಇಲ್ಲವೆಂಬುದಲ್ಲ. ಮಹಾಲನೋಬಿಸರು ತೋರಿದ್ದು ಸಾದೃಶ್ಯವನ್ನು. ಅದನ್ನು ವಂಶಾವಳಿಯಾಗಿ ಓದುವುದು ನಮ್ಮ ಅಭಿಮಾನದ ಕೆಲಸ.

ಅಳತೆಯ ಮಾತೇ ಬೇರೆ. ಅದು 1948ರಲ್ಲಿ ಶ್ಯಾನನ್ನನಿಂದ ಬಂದಿತು. ಯಾತ್ರಿಕನೊಬ್ಬನು ಬಸದಿಯನ್ನು ಯಾವ ಬಾಗಿಲಿನಿಂದ ಹೊಕ್ಕನೆಂದು ತಿಳಿಯದು. ನಾಲ್ಕಕ್ಕೂ ಸಮಸಂಭವವಿದ್ದರೆ, ಹೌದು ಅಲ್ಲವೆಂಬ ಉತ್ತರದ ಎರಡು ಪ್ರಶ್ನೆಗಳು ಬೇಕಾಗುವುವು. ಎಂಟ್ರೊಪಿಯು 2 ಬಿಟ್. ಸಂಭವಗಳು 1/2, 1/4, 1/8, 1/8 ಆಗಿದ್ದರೆ ಸರಾಸರಿ 1.75. ಸ್ಯಾದ್ವಾದದಲ್ಲಿ ಇಂತಹ ಅಂಕೆಯಿಲ್ಲ. ನಮ್ಮ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾಯರು 1982ರಲ್ಲಿ, ವಸ್ತುಗಳ ಪರಸ್ಪರ ಭೇದವನ್ನೂ ಗಣನೆಗೆ ತರುವ ಮತ್ತೊಂದು ಎಂಟ್ರೊಪಿಯನ್ನು ನಿರೂಪಿಸಿದರು. ಬಾಗಿಲುಗಳಲ್ಲಿ ಭೇದವೇ ಇಲ್ಲವೆಂದೆಣಿಸಿದರೆ ಆ ಅಳತೆ ಸೊನ್ನೆ! ಚತುರ್ಮುಖ ಬಸದಿಗೆ ಇದೇ ಹೆಚ್ಚು ಒಪ್ಪುವುದೆಂದು ನನಗೆ ತೋರುತ್ತದೆ.

ಆಯುಷ್ಯದ ವಿಚಾರವು ಇನ್ನೂ ಸೂಕ್ಷ್ಮವಾದುದು. ಶೇಷಾಯುಷ್ಯದ ಅನಿಶ್ಚಿತತೆಯನ್ನು ಅಳೆಯುವ ಬಗೆಯನ್ನು ನಾದೆರ್ ಇಬ್ರಾಹಿಮಿಯವರು 1996ರಲ್ಲಿ ಅದೇ ‘ಸಂಖ್ಯಾ’ ಪತ್ರಿಕೆಯಲ್ಲಿ ವಿವೇಚಿಸಿದರು. ಇನ್ನೂರು ವರುಷ ಉಳಿದುಬಂದ ಓಲೆಗರಿಯ ಗ್ರಂಥವೊಂದು ಇನ್ನೆಷ್ಟು ಕಾಲ ಬಾಳೀತು? ಬೆಂಕಿಯಂತಹ ಆಕಸ್ಮಿಕವೊಂದೇ ಅದಕ್ಕೆ ಶತ್ರುವಾಗಿದ್ದು, ಆ ಅಪಾಯವು ವರುಷವರುಷಕ್ಕೂ ಸಮವಾಗಿದ್ದರೆ, ಗ್ರಂಥದ ವಯಸ್ಸಿನಿಂದ ಅನಿಶ್ಚಿತತೆಯು ಬದಲಾಗದು. ಹುಳುವಿನಿಂದಲೂ ತೇವದಿಂದಲೂ ಅಪಾಯವು ಏರುತ್ತ ಬಂದರೆ ಅನಿಶ್ಚಿತತೆಯು ಇಳಿಯುವುದು. ಅಂತ್ಯವು ಸಮೀಪಿಸಿದುದರಿಂದ ದೊರೆತ ನಿಶ್ಚಯವದು. ಪಡುವಣ ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಇವೆರಡರಲ್ಲಿ ಯಾವುದು ಹೆಚ್ಚು ನಿಜವೆಂದು ಹೇಳಬೇಕಾಗಿಲ್ಲ.